ಕರಾವಳಿ ಪ್ರವಾಸ: ಊರುಗಳ ಎಣಿಕೆಗಿಂತ ಹಗಲಿನ ಲೆಕ್ಕ ಮುಖ್ಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕ ಕುಟುಂಬಗಳು ಪ್ರವಾಸವೆಂದು ಹೊರಡುವುದು ಬಹುಮಟ್ಟಿಗೆ ಎರಡೇ ದಿಕ್ಕಿಗೆ. ಒಂದು ತಿರುಪತಿಯ ಕಡೆಗೆ, ಇನ್ನೊಂದು ಧರ್ಮಸ್ಥಳ, ಉಡುಪಿ, ಮುರುಡೇಶ್ವರಗಳ ಕಡೆಗೆ. ಎರಡನೆಯ ಪ್ರವಾಸದಲ್ಲಿ ದೇವರ ದರ್ಶನದೊಂದಿಗೆ ಕಡಲನ್ನು ನೋಡುವ ಆಸೆಯೂ ಸೇರಿರುತ್ತದೆ. ಮಕ್ಕಳಿದ್ದರಂತೂ ಕಡಲೇ ಮುಖ್ಯ, ದರ್ಶನ ಅದಕ್ಕೊಂದು ನೆಪ. ಆದರೆ ಪ್ರವಾಸದ ಪಟ್ಟಿ ಸಿದ್ಧವಾಗುವಾಗ ಕಡಲಿಗೆ ಪ್ರತ್ಯೇಕ ಸಮಯವನ್ನು ಯಾರೂ ಬರೆಯುವುದಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಮಂಗಳೂರು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಂದು ನಾಲ್ಕು ದಿನಗಳಿಗೆ ಒಂಬತ್ತು ಊರುಗಳು ಪಟ್ಟಿಯಲ್ಲಿ ಸೇರುತ್ತವೆ. ಕಡಲು ಈ ಊರುಗಳ ನಡುವೆ ಸಿಕ್ಕಿದಾಗ ಸಿಕ್ಕಷ್ಟು.

ವ್ಯಾಪಾರಸ್ಥರಾದ ನಾವು ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಇಂತಹ ಪ್ರವಾಸದಲ್ಲಿ ವಾಹನ ಕನಿಷ್ಠ 1,100 ಕಿ.ಮೀ. ಓಡುತ್ತದೆ. ಘಟ್ಟದ ರಸ್ತೆ, ಊರೊಳಗಿನ ದಟ್ಟಣೆ, ಚಹಾಕ್ಕೆ ನಿಲ್ಲುವುದು ಎಲ್ಲ ಸೇರಿ ಗಂಟೆಗೆ 40 ಕಿ.ಮೀ. ಸರಾಸರಿ ಎಂದರೆ ಇಪ್ಪತ್ತೇಳೂವರೆ ಗಂಟೆ ರಸ್ತೆಯ ಮೇಲೆಯೇ ಕಳೆಯುತ್ತದೆ. ದರ್ಶನದ ಸಾಲು ಮತ್ತು ಊಟಕ್ಕೆ ಊರಿಗೆ ಎರಡು ಗಂಟೆಯಂತೆ 18 ಗಂಟೆ. ನಾಲ್ಕು ದಿನಗಳ ಹಗಲು ಒಟ್ಟು 48 ಗಂಟೆ. ಉಳಿಯುವುದು ಎರಡೂವರೆ ಗಂಟೆ. ಆ ಎರಡೂವರೆ ಗಂಟೆಯೂ ಒಂದೇ ಕಡೆ, ಬೆಳಗಿನ ಹೊತ್ತು ದೊರೆಯುವುದಿಲ್ಲ. ದಿನವಿಡೀ ದಣಿದು, ಹೊತ್ತು ಮುಳುಗುವ ಸಮಯದಲ್ಲಿ, ಅಪರಿಚಿತ ದಂಡೆಯೊಂದರ ಮೇಲೆ ಮಕ್ಕಳನ್ನು ಇಳಿಸಿ "ಅರ್ಧ ಗಂಟೆಯಲ್ಲಿ ಬನ್ನಿ" ಎಂದು ಹೇಳುವಂತಾಗುತ್ತದೆ. ಕರಾವಳಿ ಪ್ರವಾಸದ ಅಪಾಯ ಇರುವುದು ಈ ಅರ್ಧ ಗಂಟೆಯಲ್ಲಿಯೇ.

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರದ ಕಡಲತೀರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದುದನ್ನು ಓದುಗರು ಮರೆತಿರಲಾರರು. ಅವರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದವರು. ಮುಳಬಾಗಿಲು ನಮ್ಮಂತೆಯೇ ಕೆರೆ, ಕುಂಟೆಗಳ ನಾಡು. ಅಲ್ಲಿಯೂ ಮಕ್ಕಳು ನೀರೆಂದರೆ ನಿಂತ ನೀರನ್ನೇ ಕಂಡು ಬೆಳೆಯುತ್ತಾರೆ. ಅದು ಮಳೆಗಾಲವಾಗಿರಲಿಲ್ಲ, ಕಡಲು ಶಾಂತವೆಂದು ಎಲ್ಲರೂ ಹೇಳುವ ಡಿಸೆಂಬರ್ ತಿಂಗಳಾಗಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಘಟನೆಯ ನಂತರ ಅಲ್ಲಿನ ತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಿ, ಬಳಿಕ ನೀರಿಗಿಳಿಯುವ ವಲಯವನ್ನು ಗುರುತಿಸಿ ತೆರೆಯಲಾಯಿತು.

ಆದುದರಿಂದ ಈ ಲೇಖನದಲ್ಲಿ ಪ್ರೇಕ್ಷಣೀಯ ಸ್ಥಳಗಳ ವರ್ಣನೆಗಿಂತ ಯೋಜನೆಯ ಕ್ರಮಕ್ಕೇ ಹೆಚ್ಚಿನ ಗಮನ ನೀಡಲಾಗಿದೆ.

ನಮ್ಮ ಊರಿನ ರಸ್ತೆಯೇ ಕಡಲಿಗೆ

ಮಧುಗಿರಿ ಮತ್ತು ಶಿರಾಗಳ ಮೂಲಕ ಪೂರ್ವ-ಪಶ್ಚಿಮವಾಗಿ ಹಾದುಹೋಗುವ ಹೆದ್ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಹಿಂದೆ ಇದು 234ನೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದಾಗ ಮಂಗಳೂರಿನಲ್ಲಿ ಆರಂಭವಾಗಿ ಚಾರ್ಮಾಡಿ, ಮೂಡಿಗೆರೆ, ಬೇಲೂರು, ಬಾಣಾವರ, ಹುಳಿಯಾರು, ಬುಕ್ಕಾಪಟ್ಟಣ, ಶಿರಾ, ಮಧುಗಿರಿ, ಗೌರಿಬಿದನೂರು ಮಾರ್ಗವಾಗಿ ತಮಿಳುನಾಡಿನ ವಿಲ್ಲುಪುರಂವರೆಗೆ ಹೋಗುತ್ತಿತ್ತು. ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ನೀಡಿದ ಮೇಲೆ ನಮ್ಮ ಭಾಗ 69ನೆಯ ಹೆದ್ದಾರಿಗೆ ಸೇರಿತು. ಇದು ಆಂಧ್ರದ ಚಿತ್ತೂರಿನಿಂದ ಹೊರಟು ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಹುಳಿಯಾರು, ಬಾಣಾವರ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ಮಾರ್ಗವಾಗಿ ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಮುಳಬಾಗಿಲಿನಿಂದ ಮುರುಡೇಶ್ವರದ ಕಡೆಗೆ ಹೋಗುವ ಹೆದ್ದಾರಿಯೂ ಇದೇ.

ಮಧುಗಿರಿಯಿಂದ ಹೊನ್ನಾವರಕ್ಕೆ ಸುಮಾರು 390 ಕಿ.ಮೀ. ಕೊರಟಗೆರೆಯವರು ಮಧುಗಿರಿಗೆ ಬಂದು ಇದೇ ರಸ್ತೆ ಹಿಡಿಯಬಹುದು. ಪಾವಗಡದವರಿಗೂ ಮಧುಗಿರಿಯ ಮಾರ್ಗವೇ ಸಾಕು. ಆದರೆ ಗೋಕರ್ಣ, ಕಾರವಾರಗಳ ಕಡೆ ಹೋಗುವುದಾದರೆ ಹಿರಿಯೂರಿನಲ್ಲಿ 48ನೆಯ ಹೆದ್ದಾರಿ ಸೇರಿ ಹುಬ್ಬಳ್ಳಿಯವರೆಗೆ ಹೋಗಿ, ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿಯುವುದು ಅನುಕೂಲ. ಶಿರಾದಿಂದ ಈ ದಾರಿ ಸುಮಾರು 430 ಕಿ.ಮೀ. ಆದರೂ ಬಹುಭಾಗ ಅಗಲವಾದ ಹೆದ್ದಾರಿಯಾದ್ದರಿಂದ ಚಾಲಕರಿಗೆ ಆಯಾಸ ಕಡಿಮೆ. ಸಾಗರದಿಂದ ಕೊಲ್ಲೂರಿನ ಕಡೆಗೆ ಹೋಗುವವರಿಗೆ ಹೊಸದೊಂದು ಸೌಕರ್ಯವೂ ಒದಗಿದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ ಸುಮಾರು 2.4 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಕಾಯಬೇಕಾಗಿತ್ತು.

ರೈಲಿನಲ್ಲಿ ಹೋಗಬಯಸುವವರು ಬೆಂಗಳೂರಿಗೆ ಹೋಗಿ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಬಹುದು. ಅದು ಕುಣಿಗಲ್, ಹಾಸನ, ಸಕಲೇಶಪುರ ಮಾರ್ಗವಾಗಿ ರಾತ್ರಿ ಪ್ರಯಾಣ ಮಾಡಿ ಉಡುಪಿ, ಕುಂದಾಪುರ, ಹೊನ್ನಾವರಗಳ ಮೂಲಕ ಹೋಗುತ್ತದೆ. ವೃದ್ಧರಿರುವ ಕುಟುಂಬಕ್ಕೆ ಘಟ್ಟದ ತಿರುವುಗಳಿಗಿಂತ ಇದು ಮೇಲು.

ಯಾವಾಗ ಅಂಗಡಿ ಮುಚ್ಚಬಹುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಪ್ರವಾಸವನ್ನು ಸಂಪೂರ್ಣವಾಗಿ ಕೈಬಿಡುವುದು ಸೂಕ್ತ. ಪಾವಗಡದಲ್ಲಿ ವರ್ಷವಿಡೀ ಬೀಳುವ ಮಳೆ 500ರಿಂದ 600 ಮಿ.ಮೀ. ಆದರೆ ಕರಾವಳಿಯಲ್ಲಿ ಈ ನಾಲ್ಕು ತಿಂಗಳಲ್ಲಿಯೇ ಅದರ ಐದಾರು ಪಟ್ಟು ಮಳೆ ಸುರಿಯುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧಿಸಲಾಗಿರುತ್ತದೆ. ಕಡಲಿನ ಜನರೇ ಕಡಲಿಗೆ ಇಳಿಯದ ಕಾಲದಲ್ಲಿ ನಾವು ಹೋಗಿ ಮಾಡುವುದೇನು? ರಸ್ತೆಯೂ ಆಗ ನಂಬಿಕೆಗೆ ಅರ್ಹವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 66ನೆಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಚಹಾದಂಗಡಿಯೂ ಲಾರಿಯೂ ಗಂಗಾವಳಿ ನದಿಗೆ ಕೊಚ್ಚಿಹೋಗಿ ಹಲವರು ಪ್ರಾಣ ಕಳೆದುಕೊಂಡರು. ಮರು ತಿಂಗಳು ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ಭಾಗಕ್ಕೆ ಸರಕು ಕಳುಹಿಸುವ ನಮ್ಮ ಲಾರಿ ಮಾಲೀಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಪ್ರಿಲ್‌ನಿಂದ ಮೇವರೆಗೆ ಶಾಲೆಗಳಿಗೆ ರಜೆ ಇರುವುದರಿಂದ ಹೆಚ್ಚಿನವರು ಆಗಲೇ ಹೊರಡುತ್ತಾರೆ. ನಮ್ಮ ಬಿಸಿಲಿಗೆ ಹೋಲಿಸಿದರೆ ಕರಾವಳಿಯ ಉಷ್ಣಾಂಶ ನಾಲ್ಕೈದು ಡಿಗ್ರಿ ಕಡಿಮೆಯೇ ಇರುತ್ತದೆ. ಆದರೆ ನಮ್ಮದು ಒಣ ಬಿಸಿಲು, ಬೆವರು ಬಂದ ಕೂಡಲೇ ಆರುತ್ತದೆ. ಅಲ್ಲಿ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೌರ ಫಲಕಗಳನ್ನು ಹಾಸಿ 2,050 ಮೆಗಾವಾಟ್ ವಿದ್ಯುತ್ ಉತ್ಪಾದಿಸುವಷ್ಟು ಬಿಸಿಲು ಕಂಡ ಪಾವಗಡದವರು ಕೂಡ ಮೇ ತಿಂಗಳ ಮಲ್ಪೆಯಲ್ಲಿ ಮಧ್ಯಾಹ್ನ ಸೋತುಹೋಗುವುದು ಇದೇ ಕಾರಣಕ್ಕೆ.

ಹವೆಯ ದೃಷ್ಟಿಯಿಂದ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ಕಾಲ ಉತ್ತಮ. ಆದರೆ ನಮ್ಮ ವಹಿವಾಟಿನ ಕಾಲವೂ ಅದೇ. ಮುಂಗಾರು ಕಡಲೆಕಾಯಿ ಅಕ್ಟೋಬರ್–ನವೆಂಬರ್‌ನಲ್ಲಿ ಕಿತ್ತು ಮಾರುಕಟ್ಟೆಗೆ ಬರುತ್ತದೆ. ಹುಣಸೆಹಣ್ಣಿನ ಆವಕ ಫೆಬ್ರವರಿಯಲ್ಲಿ ಆರಂಭವಾಗಿ ಏಪ್ರಿಲ್‌ವರೆಗೆ ಇರುತ್ತದೆ. ಇವೆರಡರ ನಡುವೆ ಜನವರಿ ಉತ್ತರಾರ್ಧ ಬಿಡುವಿನ ಕಾಲ. ದಲ್ಲಾಲಿಗಳಿಗೆ, ಎಣ್ಣೆ ಗಾಣ ಮತ್ತು ಕಡಲೆ ಸುಲಿಯುವ ಯಂತ್ರಗಳನ್ನು ನಡೆಸುವವರಿಗೆ ಇದು ಹೊಂದುತ್ತದೆ. ಜವಳಿ ಮತ್ತು ಪಾತ್ರೆ ಅಂಗಡಿಯವರಿಗೆ ದೀಪಾವಳಿ ಕಳೆದ ಮೇಲೆ ಡಿಸೆಂಬರ್ ಮಧ್ಯದವರೆಗೆ ಅನುಕೂಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ವಸತಿಗೃಹಗಳ ದರ ಏರುತ್ತದೆ. ಮಹಾಶಿವರಾತ್ರಿಯಂದು ಗೋಕರ್ಣ, ಮುರುಡೇಶ್ವರಗಳಲ್ಲಿ ಕೊಠಡಿ ದೊರೆಯುವುದು ಕಷ್ಟ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯೋತ್ಸವ ನಡೆಯುವುದರಿಂದ ಅದರ ಹಿಂದುಮುಂದಿನ ದಿನಗಳನ್ನೂ ಬಿಡಬೇಕು.

ವಾರದ ದಿನಗಳನ್ನೂ ಆರಿಸಿಕೊಳ್ಳಬೇಕು. ಭಾನುವಾರ ನಸುಕಿನಲ್ಲಿ ಹೊರಟು ಗುರುವಾರ ರಾತ್ರಿ ಹಿಂದಿರುಗುವುದು ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಅನುಕೂಲ. ತೀರಗಳಲ್ಲಿ ಜನಜಂಗುಳಿ ಇರುವ ಭಾನುವಾರ ನಾವು ರಸ್ತೆಯಲ್ಲಿರುತ್ತೇವೆ. ಗೊರವನಹಳ್ಳಿಗೆ ಭಕ್ತರು ಬರುವ ಶುಕ್ರವಾರಕ್ಕೆ ಕೊರಟಗೆರೆಯ ಅಂಗಡಿ ತೆರೆದಿರುತ್ತದೆ, ಶನಿಮಹಾತ್ಮನ ದರ್ಶನಕ್ಕೆ ಜನ ಸೇರುವ ಶನಿವಾರಕ್ಕೆ ಪಾವಗಡದ ಅಂಗಡಿಯೂ ತೆರೆದಿರುತ್ತದೆ.

ಎರಡು ತಂಗುದಾಣ ಸಾಕು

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವೆಂದು ಬಹುಕಾಲದಿಂದ ಲೆಕ್ಕ ಹಿಡಿಯಲಾಗಿದೆ. ದಕ್ಷಿಣದ ತಲಪಾಡಿಯಿಂದ ಉತ್ತರದ ಮಾಜಾಳಿಯವರೆಗೆ 66ನೆಯ ಹೆದ್ದಾರಿ ಕಡಲಿಗೆ ಹೊಂದಿಕೊಂಡೇ ಸಾಗುತ್ತದೆ. ಒಂದು ತೀರದಿಂದ ಇನ್ನೊಂದಕ್ಕೆ ಹೋಗಲು ಇಷ್ಟು ಸುಲಭವಾದ ದಾರಿ ಇರುವುದರಿಂದಲೇ ಎಲ್ಲವನ್ನೂ ನೋಡಿಬಿಡುವ ಆಸೆ ಹುಟ್ಟುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಬಾಡಿಗೆ ವಾಹನದವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ. ಐದು ದಿನಕ್ಕೆ 300ರಂತೆ 1,500 ಕಿ.ಮೀ. ಹಣವನ್ನು ಓಡಿದರೂ ಓಡದಿದ್ದರೂ ಕೊಡಬೇಕು. "ಹೇಗೂ ಹಣ ಕೊಟ್ಟಾಗಿದೆ, ಅದನ್ನೂ ನೋಡಿಬಿಡೋಣ" ಎಂದು ಹಿರಿಯರೊಬ್ಬರು ಹೇಳಿದರೆ ಮುಗಿಯಿತು, ಪಟ್ಟಿಗೆ ಮತ್ತೆರಡು ಊರು ಸೇರುತ್ತವೆ. ಗೋದಾಮಿನಲ್ಲಿ ಜಾಗ ಖಾಲಿ ಇದೆಯೆಂದು ಬೇಡದ ಸರಕು ತಂದು ತುಂಬುವವರಿಗೂ ಇವರಿಗೂ ವ್ಯತ್ಯಾಸವಿಲ್ಲ. ವಾಹನ ಗೊತ್ತು ಮಾಡುವಾಗಲೇ ಕರಾವಳಿಯಲ್ಲಿ ನಿಲ್ಲುವ ದಿನಗಳಿಗೆ ಪ್ರತ್ಯೇಕ ದರ ಮಾತನಾಡಿಕೊಳ್ಳುವುದು ಮೇಲು. ಚಾಲಕರ ಭತ್ಯೆ, ಸುಂಕ, ನಿಲುಗಡೆ ಶುಲ್ಕ ಯಾರದೆಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಬೇಕು.

ಐದು ದಿನಗಳಿಗೆ ಎರಡೇ ತಂಗುದಾಣಗಳನ್ನು ಇಟ್ಟುಕೊಳ್ಳುವುದು ನಮ್ಮ ಸಲಹೆ: ಉತ್ತರಕ್ಕೆ ಹೊನ್ನಾವರ, ದಕ್ಷಿಣಕ್ಕೆ ಉಡುಪಿ. ಇವೆರಡನ್ನು ಆರಿಸಿಕೊಳ್ಳಲು ಕಾರಣವಿದೆ. ಡೆನ್ಮಾರ್ಕಿನ ಪರಿಸರ ಶಿಕ್ಷಣ ಪ್ರತಿಷ್ಠಾನವು ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ಮೊದಲಾದ 33 ಮಾನದಂಡಗಳನ್ನು ಪರೀಕ್ಷಿಸಿ ಕಡಲತೀರಗಳಿಗೆ 'ಬ್ಲೂ ಫ್ಲ್ಯಾಗ್' ಮಾನ್ಯತೆ ನೀಡುತ್ತದೆ. 2020ರಲ್ಲಿ ಭಾರತಕ್ಕೆ ಮೊದಲ ಬಾರಿ ಎಂಟು ತೀರಗಳಿಗೆ ಈ ಮಾನ್ಯತೆ ದೊರೆತಾಗ ಅವುಗಳಲ್ಲಿ ಎರಡು ಕರ್ನಾಟಕದವು. ಒಂದು ಹೊನ್ನಾವರದ ಸೇತುವೆಯಾಚೆ ಇರುವ ಕಾಸರಕೋಡು, ಇನ್ನೊಂದು ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದ ಪಡುಬಿದ್ರಿ. ಜೀವರಕ್ಷಕರು, ಈಜುವ ವಲಯದ ಗಡಿ, ಬಟ್ಟೆ ಬದಲಿಸುವ ಕೊಠಡಿ, ಶೌಚಾಲಯ ಇವೆಲ್ಲ ಈ ಮಾನ್ಯತೆಯ ಅಂಗಗಳೇ. ಹೆಣ್ಣುಮಕ್ಕಳೊಂದಿಗೆ ಹೋಗುವ ಕುಟುಂಬಕ್ಕೆ ಕೊನೆಯ ಎರಡು ಸೌಲಭ್ಯಗಳು ಎಷ್ಟು ಮುಖ್ಯವೆಂಬುದು ಗಂಡಸರಿಗೆ ಅಲ್ಲಿ ಹೋದ ಮೇಲಷ್ಟೇ ತಿಳಿಯುತ್ತದೆ.

ಮೊದಲನೆಯ ದಿನ ಬೆಳಗಿನ ನಾಲ್ಕು ಗಂಟೆಗೆ ಮಧುಗಿರಿ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಸಾಗರ, ಸಂಜೆಯೊಳಗೆ ಹೊನ್ನಾವರ. ಜೋಗ ದಾರಿಯಲ್ಲಿಯೇ ಸಿಗುತ್ತದೆ. ಆದರೆ ಅಲ್ಲಿ ಇಳಿದರೆ ಗೇರುಸೊಪ್ಪೆಯ ಘಟ್ಟವನ್ನು ಕತ್ತಲೆಯಲ್ಲಿ ಇಳಿಯಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು. ಆ ಸಂಜೆ ಯಾರೂ ನೀರಿಗೆ ಇಳಿಯುವುದು ಬೇಡ. ಎರಡನೆಯ ದಿನ ಬೆಳಿಗ್ಗೆ ಕಾಸರಕೋಡು, ಬಿಸಿಲೇರಿದ ಮೇಲೆ ವಿಶ್ರಾಂತಿ, ಇಳಿಹೊತ್ತಿನಲ್ಲಿ ಅಪ್ಸರಕೊಂಡ ಅಥವಾ ಶರಾವತಿಯಲ್ಲಿ ದೋಣಿ ವಿಹಾರ. ಮೂರನೆಯ ದಿನ ದಕ್ಷಿಣಕ್ಕೆ ಸುಮಾರು 130 ಕಿ.ಮೀ. ಪ್ರಯಾಣ. ಮುರುಡೇಶ್ವರದ ದರ್ಶನ, 123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ ನೋಡಿ, ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ಉಡುಪಿ ಸೇರಬಹುದು. ಮರವಂತೆ ನೋಡುವ ಜಾಗ, ಸ್ನಾನದ ಜಾಗವಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗುವಾಗ ಬಿರಿದು ಕಂಬಗಳಂತೆ ನಿಂತ ಬಂಡೆಗಳು ಅಲ್ಲಿವೆ. ಬೆಟ್ಟವೆಂದರೆ ಮಧುಗಿರಿಯ ಏಕಶಿಲೆಯೇ ಎಂದು ತಿಳಿದ ನಮ್ಮ ಮಕ್ಕಳಿಗೆ, ಒಂದೇ ಅಳತೆಯಲ್ಲಿ ಕಡಿದು ಜೋಡಿಸಿದಂತಿರುವ ಈ ಕಲ್ಲುಗಳು ನಿಜಕ್ಕೂ ಹೊಸ ನೋಟ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಮಧ್ಯಾಹ್ನದ ನಂತರ ಪಡುಬಿದ್ರಿ, ದಾರಿಯಲ್ಲಿ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ, ರಾತ್ರಿ ಶ್ರೀಕೃಷ್ಣನ ದರ್ಶನ. ಐದನೆಯ ದಿನ ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ಮಾರ್ಗವಾಗಿ ಊರಿಗೆ. ಆಗುಂಬೆ ಘಟ್ಟದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ದೊಡ್ಡ ಬಸ್ಸಿನಲ್ಲಿ ಹೋಗುವವರು ಬೇರೆ ಘಟ್ಟವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಹೀಗೆ ಓಡುವ ದೂರ ಸುಮಾರು 980 ಕಿ.ಮೀ., ಅಂದರೆ ಇಪ್ಪತ್ತನಾಲ್ಕೂವರೆ ಗಂಟೆ. ಐದು ದಿನಗಳ 60 ಗಂಟೆಯ ಹಗಲಿನಲ್ಲಿ ಊಟ, ದರ್ಶನಗಳಿಗೆ 16 ಗಂಟೆ ಕಳೆದರೂ ಹತ್ತೊಂಬತ್ತೂವರೆ ಗಂಟೆ ಉಳಿಯುತ್ತದೆ. ಒಂದು ದಿನ ಹೆಚ್ಚಿಸಿ ಕೆಲವು ಊರುಗಳನ್ನು ಕೈಬಿಟ್ಟದ್ದಕ್ಕೆ ದೊರೆತ ಲಾಭವಿದು.

ಗೋಕರ್ಣವನ್ನು ಈ ಪಟ್ಟಿಯಿಂದ ಬೇಕೆಂದೇ ಬಿಡಲಾಗಿದೆ. ಮಹಾಬಲೇಶ್ವರನ ದರ್ಶನಕ್ಕೆ ಅದು ಉತ್ತಮವಾದರೂ, ಅಲ್ಲಿನ ಪ್ರಸಿದ್ಧ ಓಂ ಮತ್ತು ಕುಡ್ಲೆ ತೀರಗಳಿಗೆ ಗುಡ್ಡ ಇಳಿದು ಹತ್ತಬೇಕಾಗುತ್ತದೆ, ಮಂಡಿನೋವಿನ ಹಿರಿಯರಿಗೆ ಅದು ಶಿಕ್ಷೆಯೇ. ಯುವಕರ ತಂಡವಾದರೆ ಹುಬ್ಬಳ್ಳಿ ಮಾರ್ಗದಲ್ಲಿ ಹೋಗಿ ಗೋಕರ್ಣ, ಕಾರವಾರಗಳನ್ನೇ ಎರಡು ತಂಗುದಾಣ ಮಾಡಿಕೊಳ್ಳಬಹುದು. ಕಾರವಾರದ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ತಂಗಿದ್ದರು.

ಕೆರೆಯ ಈಜು ಕಡಲಿಗೆ ಸಾಲದು

ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಡಲಿನಲ್ಲಿ ಮೊದಲು ಅಪಾಯಕ್ಕೆ ಸಿಲುಕುವವರು ಈಜು ಬಾರದವರಷ್ಟೇ ಅಲ್ಲ, ಇಂತಹ ಧೈರ್ಯವಂತರೂ ಹೌದು. ಕೆರೆಯ ನೀರು ನಿಂತಲ್ಲಿ ನಿಂತಿರುತ್ತದೆ. ಕಡಲಿನಲ್ಲಿ ಅಲೆಗಳು ಒಂದರ ಹಿಂದೆ ಒಂದರಂತೆ ದಂಡೆಗೆ ತಂದು ಸುರಿದ ನೀರು ಹಿಂದಿರುಗಲು ದಾರಿ ಹುಡುಕುತ್ತದೆ. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಿದ ಕಡೆ ಆ ನೀರೆಲ್ಲ ಒಟ್ಟುಗೂಡಿ, ಕಾಲುವೆಯಂತೆ ಕಡಲಿನ ಕಡೆಗೆ ರಭಸವಾಗಿ ಹರಿಯುತ್ತದೆ. ಇದೇ ಸೆಳೆತ. ಎರಡೂ ಪಕ್ಕಗಳಲ್ಲಿ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿರುವಾಗ, ನಡುವೆ ಅಲೆ ಒಡೆಯದೆ ನೀರು ಕಪ್ಪಾಗಿ, ಶಾಂತವಾಗಿ ಕಾಣುವ ಜಾಗವೇ ಸಾಮಾನ್ಯವಾಗಿ ಸೆಳೆತದ ಜಾಗ. ಅರಿಯದವರು "ಇಲ್ಲಿ ಅಲೆಯಿಲ್ಲ" ಎಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ.

ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜಿದರೆ ನೀರಿನ ವೇಗದ ವಿರುದ್ಧ ಹೋರಾಡಿದಂತಾಗಿ ಬಹುಬೇಗ ಸೋಲುತ್ತಾರೆ. ನುರಿತ ಈಜುಗಾರನೂ ಇಲ್ಲಿ ಗೆಲ್ಲಲಾರ. ಗಾಬರಿಯಾಗದೆ ತೇಲುತ್ತ, ಕೈ ಎತ್ತಿ ಸಹಾಯ ಕೇಳುತ್ತ, ದಡಕ್ಕೆ ಸಮಾನಾಂತರವಾಗಿ ಒಂದು ಪಕ್ಕಕ್ಕೆ ಈಜಬೇಕು. ಸೆಳೆತದ ಅಗಲ ಹೆಚ್ಚಿರುವುದಿಲ್ಲ. ಅದರಿಂದ ಹೊರಬಂದ ಮೇಲೆ ಅಲೆಗಳೇ ದಡಕ್ಕೆ ತಳ್ಳುತ್ತವೆ. ದಡದಲ್ಲಿರುವವರು ರಕ್ಷಿಸಲು ತಾವೂ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಕುಟುಂಬದ ಇಬ್ಬರು, ಮೂವರು ಮುಳುಗಿದ ಉದಾಹರಣೆಗಳಿವೆ. ತೇಲುವ ವಸ್ತುವೊಂದನ್ನು ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು.

ಉಬ್ಬರ ಮತ್ತು ಇಳಿತಗಳು ದಿನಕ್ಕೆ ಎರಡೆರಡು ಬಾರಿ ಬರುತ್ತವೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇವುಗಳ ನಡುವಿನ ಅಂತರವೂ ನೀರಿನ ಓಟವೂ ಹೆಚ್ಚು. ಅಮಾವಾಸ್ಯೆಗೆ ಕೆಲಸ ನಿಲ್ಲಿಸುವ ರೂಢಿ ನಮ್ಮಲ್ಲಿ ಹಲವು ಕಡೆ ಇದೆ. ಆ ರಜೆಯನ್ನು ಹಿಡಿದು ಪ್ರವಾಸ ಹೊರಡುವವರು ಇದನ್ನು ತಿಳಿದಿರಬೇಕು. ನದಿಯು ಕಡಲು ಸೇರುವ ಅಳಿವೆಗಳಲ್ಲಿ ಇಳಿತದ ಹೊತ್ತು ನದಿಯ ನೀರೂ ಉಬ್ಬರದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಅಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಬಾರದು.

ಸ್ನಾನಕ್ಕೆ ಬೆಳಗಿನ ಹೊತ್ತು ಒಳ್ಳೆಯದೆಂದು ಹೇಳುವುದಕ್ಕೂ ಕಾರಣವಿದೆ. ಹೊತ್ತೇರಿದಂತೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ನಂತರ ನೀರು ಕದಡುತ್ತದೆ. ಸಂಜೆ ಎಲ್ಲರೂ ಸೂರ್ಯಾಸ್ತಕ್ಕೆ ಸೇರುವುದರಿಂದ ಗುಂಪಿನಲ್ಲಿ ಮಗುವೊಂದು ಕಾಣೆಯಾದರೂ ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಹೊತ್ತು ಮುಳುಗಿದ ಮೇಲೆ ಬೆಳಕು ಬೇಗ ಕುಗ್ಗುತ್ತದೆ. ಸೂರ್ಯಾಸ್ತವನ್ನು ಮರಳಿನ ಮೇಲೆ ಕುಳಿತು ನೋಡಬೇಕು. ಸೀರೆಯುಟ್ಟು ನೀರಿಗಿಳಿದರೆ ನೆನೆದ ಬಟ್ಟೆಯ ಭಾರಕ್ಕೆ ಕಾಲೆತ್ತುವುದೇ ಕಷ್ಟ. ಹೆಂಗಸರಿಗೆ ಚೂಡಿದಾರ್ ಮೇಲು. ಮದ್ಯ ಸೇವಿಸಿದವರನ್ನು ನೀರಿನ ಹತ್ತಿರಕ್ಕೂ ಬಿಡಬಾರದು, ಅವರು ಅಂಗಡಿಯ ಮಾಲೀಕರೇ ಆಗಿರಲಿ.

ಕಾರ್ಖಾನೆ ಅಥವಾ ಅಂಗಡಿಯ ಕೆಲಸಗಾರರನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾಲೀಕರ ಹೊಣೆ ಇನ್ನೂ ಹೆಚ್ಚಿನದು. ಹತ್ತು ಜನರಿಗೆ ಒಬ್ಬರಂತೆ ನೀರಿಗಿಳಿಯದ ಮೇಲ್ವಿಚಾರಕರನ್ನು ನೇಮಿಸಿ, ಇಳಿಯುವ ಮೊದಲು ಮತ್ತು ಮೇಲೆ ಬಂದ ನಂತರ ತಲೆ ಎಣಿಸಬೇಕು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ 'ಇನ್‌ಕಾಯ್ಸ್' ನೀಡುವ ಅಲೆಗಳ ಎಚ್ಚರಿಕೆಯನ್ನೂ ನೋಡಿಕೊಳ್ಳಬೇಕು. ದೂರದ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಆಕಾಶ ತಿಳಿಯಾಗಿರುವಾಗಲೂ ದಂಡೆಗೆ ಅಪ್ಪಳಿಸುವುದುಂಟು.

ಬಿಲ್ಲು, ತೆರಿಗೆ ಮತ್ತು ವಾಹನ

ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿ ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5ಕ್ಕೆ ಇಳಿಸಲಾಗಿದೆ. ಅದಕ್ಕೂ ಮೇಲ್ಪಟ್ಟ ಬಾಡಿಗೆಗೆ ಶೇ. 18. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆಂದು ನೋಡಿ ಹಣ ಕೊಡಬೇಕು. ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಬಿಲ್ಲು ಮಾಡಿಸಿದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಸ್ವಂತ ಬಳಕೆಯ ವೆಚ್ಚಕ್ಕೂ, ನೌಕರರಿಗೆ ರಜೆಯಲ್ಲಿ ನೀಡುವ ಪ್ರವಾಸ ಸೌಲಭ್ಯಕ್ಕೂ ಕಾಯ್ದೆಯ 17(5)ನೆಯ ಪ್ರಕರಣವು ಕ್ರೆಡಿಟ್ ನಿರಾಕರಿಸುತ್ತದೆ.

ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು 20ನೆಯ ತಾರೀಖಿನ 3ಬಿ ಮುಗಿಸಿ ತಿಂಗಳ ಕೊನೆಯ ವಾರದಲ್ಲಿ ಹೊರಡುವುದು ನೆಮ್ಮದಿ. ಅಂಗಡಿ ಮುಚ್ಚಿರುವ ದಿನಗಳಲ್ಲಿ ಸರಕು ಬಂದು ನಿಲ್ಲದಂತೆ ಸರಬರಾಜುದಾರರಿಗೂ ಲಾರಿ ಕಚೇರಿಗೂ ತಿಳಿಸಿಡಬೇಕು. ಇ-ವೇ ಬಿಲ್ಲಿನ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ ಮಾತ್ರ. ಅವಧಿ ವಿಸ್ತರಿಸಿಕೊಳ್ಳಲು ಅದು ಮುಗಿಯುವ ಹಿಂದಿನ ಮತ್ತು ಮುಂದಿನ ಎಂಟು ಗಂಟೆಗಳಷ್ಟೇ ಅವಕಾಶವಿರುತ್ತದೆ. ಸಾಲದ ಕಂತು ಖಾತೆಯಿಂದ ತಾನಾಗಿ ಕಡಿತವಾಗುವ ದಿನಾಂಕವನ್ನೂ ನೋಡಿಕೊಳ್ಳಬೇಕು.

ಕೊನೆಯದಾಗಿ ವಾಹನದ ವಿಷಯ. ಪರಿಚಯದವರ ಬಿಳಿ ಫಲಕದ ಕಾರನ್ನು ಕಡಿಮೆ ದರಕ್ಕೆ ಬಾಡಿಗೆ ಹಿಡಿಯುವ ರೂಢಿ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ಖಾಸಗಿಯಾಗಿ ನೋಂದಣಿಯಾದ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದಲ್ಲಿ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಹಳದಿ ಫಲಕದ ವಾಹನವನ್ನೇ ಗೊತ್ತು ಮಾಡಿ, ರಹದಾರಿ, ವಿಮೆ ಮತ್ತು ಅರ್ಹತಾ ಪತ್ರಗಳ ಅವಧಿಯನ್ನು ಮುಂಗಡ ಕೊಡುವ ಮೊದಲೇ ಪರಿಶೀಲಿಸಬೇಕು. ಗುಂಪು ದೊಡ್ಡದಿದ್ದರೆ ಸಾರಿಗೆ ಸಂಸ್ಥೆಯ ಬಸ್ಸುಗಳು ಸಾಂದರ್ಭಿಕ ಒಪ್ಪಂದದ ಮೇಲೆ ದೊರೆಯುತ್ತವೆ, ಘಟಕದಲ್ಲಿ ವಿಚಾರಿಸಬಹುದು. ಹೋಗುವ ದಿನವೂ ಬರುವ ದಿನವೂ 400 ಕಿ.ಮೀ.ಗೆ ಹತ್ತಿರದ ಓಟವಿರುವುದರಿಂದ ಚಾಲಕರಿಗೆ ಹಿಂದಿನ ರಾತ್ರಿ ಮಲಗಲು ಕೊಠಡಿ ಕೊಡಿಸುವುದನ್ನು ಮರೆಯಬಾರದು. ಅದರ ವೆಚ್ಚವನ್ನು ಪ್ರವಾಸದ ಅಂದಾಜಿನಲ್ಲಿಯೇ ಸೇರಿಸಿಕೊಳ್ಳತಕ್ಕದ್ದು.